ಮೊಳದ ಲೆಕ್ಕ

ಬೆಳಗಿನ ಜಾವ ಮೂರೂವರೆ. ಮಾರ್ಕೆಟ್ಟಿನಲ್ಲಿ
ಮೂಟೆಯ ಬಾಯಿ ಬಿಚ್ಚಿದರೆ ಚೆಂಡುಹೂವು
ಜ್ವರ ಬಂದವರ ಹಾಗೆ ಬಿಸಿ ಉಸಿರು ಬಿಡುತ್ತದೆ.
ಅಷ್ಟರಲ್ಲೇ ಫೋನು:
"ಸಂಪಂಗಮ್ಮಕ್ಕಾ, ನಾನು ಧನಪಾಲ.
ಯಾರ ಕಡೆಯಿಂದ ಎಷ್ಟು ಹಾರ?"

ಐದು ಸಲ ಗೆದ್ದವರು ಈ ಸಲ ಮಂಡಿನೋವೆಂದು ನಿಲ್ಲಲಿಲ್ಲ.
ಖಾಲಿ ಸೀಟಿಗೆ ಬಸ್ಸಿನ ಕಿಟಕಿಯಿಂದ
ಕರ್ಚೀಫು ತೂರಿದವರು ಹದಿನೇಳು ಮಂದಿ.
ಧನಪಾಲನ ಪುಸ್ತಕದಲ್ಲಿ ಮೂರೇ ಹೆಸರು:
ಬಿಲ್ಡರ್ ಹರಿನಾಥ, ನಲವತ್ತು ಪೈಸೆ.
ವಕೀಲ ಚೌಡಪ್ಪ, ಎರಡು ರೂಪಾಯಿ ಚಿಲ್ಲರೆ.
ಹೆರಿಗೆ ಆಸ್ಪತ್ರೆಯಲ್ಲಿದ್ದ ನರ್ಸಮ್ಮ ಫಿಲೋಮಿನಾ,
ಬಕೆಟ್ಟಿನ ಗುರುತು, ಒಂದಕ್ಕೆ ಇಪ್ಪತ್ತು.
ಅದನ್ನವನು ನಗುತ್ತಾ ಬರೆದುಕೊಂಡದ್ದು.

ನನಗೆ ತಲೆಬುಡ ತಿಳಿಯಲಿಲ್ಲ.
ಬೇಕಾದ ಹೂವಿಗೆ ತಾನೇ ರೇಟು ಏರಬೇಕು?
ಇವರಲ್ಲಿ ಎಲ್ಲರೂ ಕೇಳುವವನು ಅಗ್ಗ,
ಯಾರೂ ಕೇಳದವಳು ದುಬಾರಿ.
"ಅದು ಬೆಲೆಯಲ್ಲ ಅಕ್ಕಾ, ನಂಬಿಕೆ" ಅಂದ.
ಇರಲಿ. ನಂಬಿಕೆಯ ಮೇಲೂ ಒಂದಿಷ್ಟು ನೀರು ಚಿಮುಕಿಸಿ
ಬಾಡದ ಹಾಗೆ ಇಡುತ್ತಾರೇನೋ.

ಟೀವಿಯ ಸಮೀಕ್ಷೆ ಅವನಿಗೆ ಬೇಡ.
ಕೇಳಿದವರಿಗೆ ಕೇಳಿದ್ದನ್ನು ಹೇಳುವ ಊರು ಇದು.
ಆದರೆ ಎಣಿಕೆಯ ಬೆಳಿಗ್ಗೆಗೆಂದು
ವಾರ ಮೊದಲೇ ಹಾರಕ್ಕೆ ಅಡ್ವಾನ್ಸು ಕೊಡುವವನು
ತನ್ನ ಜೇಬಿಗೆ ಸುಳ್ಳು ಹೇಳುವುದಿಲ್ಲವಂತೆ.
ಹೀಗೆ ನನ್ನ ಅಂಗಡಿಯ ಚೀಟಿ
ಅವನ ಪಂಚಾಂಗವಾಯಿತು.

ನರ್ಸಮ್ಮ ಒಂದೆಸಳೂ ಬುಕ್ ಮಾಡಿರಲಿಲ್ಲ.
ಹಿಂದಿನ ದಿನ ಬಂದು ಒಂದು ಮೊಳ ಕಾಕಡ ಕೊಂಡು
ಐದು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡಿದಳು.
ಕಾಲು ಮೊದಲಾಗಿ ಬಂದ ನನ್ನ ಎರಡನೆಯವಳನ್ನು
ತಿರುಗಿಸಿ ಆಚೆಗೆ ತಂದ ಕೈ ಅದು.
ಅವಳಿಗೆ ನೆನಪಿಲ್ಲ. ಎಷ್ಟೋ ಸಾವಿರ ಮಕ್ಕಳು.
ನಾನೂ ನೆನಪಿಸಲಿಲ್ಲ, ಐದು ರೂಪಾಯಿ ಬಿಡಲೂ ಇಲ್ಲ.

ಬಹುಶಃ ಅದಕ್ಕೇ, ಮರುದಿನ ಫೋನಿಗೆ
ನಾಲಿಗೆ ತಾನಾಗಿ ಅಂದುಬಿಟ್ಟಿತು:
"ನರ್ಸಮ್ಮನ ಕಡೆಯಿಂದ ಮುನ್ನೂರು."
ಆ ಕಡೆ ಸದ್ದಿಲ್ಲ.
ಹತ್ತು ಗಂಟೆಗೆ ಇಪ್ಪತ್ತು ಹೋಗಿ ಒಂಬತ್ತು.
ದೀಪ ಹಚ್ಚುವ ಹೊತ್ತಿಗೆ ನಾಲ್ಕು.
ಹರಿನಾಥನ ಪಿ.ಎ. ಬೆವರುತ್ತಾ ಬಂದು
ಇನ್ನೂರಿದ್ದ ಹಾರ ನಾನೂರು ಮಾಡಿ ಅಂದ.
ಚೌಡಪ್ಪನವರು ಕ್ರೇನಿಗೆ ಸೇಬಿನ ಹಾರ ಕೇಳಿದರು.
ಹಮಾಲಿಗಳು ಬಕೆಟ್ಟು ಯಾವ ನಂಬರಿನ ಗುಂಡಿ ಎಂದು ವಿಚಾರಿಸಿದರು.
ನನ್ನ ಸುಳ್ಳು ಹೊರಗೆ ಹೋಗಿ ಸುದ್ದಿಯಾಗಿ
ಸುತ್ತಿ ಬಂದು ನನಗೇ ವ್ಯಾಪಾರವಾಯಿತು.

ಓಟಿನ ದಿನ ಬೆರಳಿಗೆ ಮಸಿ ಹಾಕಿಸಿಕೊಂಡೆ.
ಯಾರಿಗೆ ಒತ್ತಿದೆಯೆಂದು ಧನಪಾಲ ಕೇಳಲೇ ಇಲ್ಲ.
ಒಂದು ಓಟಿನ ಸುದ್ದಿಗೆ
ಅವನಲ್ಲಿ ಪೈಸೆಯೂ ಅಲುಗುವುದಿಲ್ಲ.

ಎಣಿಕೆ ಮುಗಿಯಿತು.
ಚೌಡಪ್ಪ ಗೆದ್ದ, ಆರುನೂರಾ ಹನ್ನೊಂದರಲ್ಲಿ.
ನರ್ಸಮ್ಮನಿಗೆ ನಾಲ್ಕು ಸಾವಿರದ ಮೇಲೆ ಸ್ವಲ್ಪ, ಠೇವಣಿ ಹೋಯಿತು.
ಆ ನಾಲ್ಕು ಸಾವಿರದಲ್ಲಿ ನನ್ನ ಬಾಯಿಂದ ಬಿದ್ದವೆಷ್ಟು,
ಬಿದ್ದವು ಯಾರ ಬುಟ್ಟಿಯಿಂದ ಬಿದ್ದವು,
ತೂಗಲು ನನ್ನ ತಕ್ಕಡಿ ಸಾಲದು.
ಧನಪಾಲನ ಫೋನು ಸ್ವಿಚ್ ಆಫ್.
ಯಾರೂ ಒಯ್ಯದ ನಾನೂರು ಹಾರ
ಮಧ್ಯಾಹ್ನಕ್ಕೆ ತಮ್ಮಷ್ಟಕ್ಕೆ ಬೇಯತೊಡಗಿದವು.

ಸಂಜೆ ಅವಳು ಬಂದಳು, ಅದೇ ಬ್ಯಾಗು.
"ಇವತ್ತು ರೇಟು ಬಿದ್ದಿರಬೇಕಲ್ಲ?"
"ಬಿದ್ದಿದೆ."
ಆದರೂ ಐದು ರೂಪಾಯಿ ಕಮ್ಮಿಗೆ ಕೇಳಿದಳು.
ಈ ಮಾರ್ಕೆಟ್ಟಿನಲ್ಲಿ ಯಾರ ಮೊಳವೂ ಪೂರಾ ಮೊಳವಲ್ಲ,
ಬೆರಳು ಮಡಚಿಯೇ ಅಳೆಯುತ್ತೇವೆ, ನಾನೂ.
ನಾನು ಐದು ರೂಪಾಯಿ ಬಿಡಲಿಲ್ಲ.
ಅಳೆಯುವಾಗ ಮಾತ್ರ ಬೆರಳು ಬಿಚ್ಚಿಕೊಂಡಿತ್ತು,
ಮಸಿಯ ಬೆರಳು,
ದಾರ ಇನ್ನೂ ಸ್ವಲ್ಪ ಮುಂದಕ್ಕೆ ಹೋಯಿತು.